ಖಾನಾವಳಿ ಜಂಬಮ್ಮನ ಮೂಗು

ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿರುವ ಜಂಬಮ್ಮನ ಖಾನಾವಳಿಗೆ ಇಪ್ಪತ್ತೆರಡು ವರ್ಷದಿಂದ ಒಂದೇ ಕಟ್ಟಳೆ. ಅಡುಗೆ ಮುಗಿದು, ಗೋಡೆಯ ಮೇಲಿನ ವಿರೂಪಾಕ್ಷನ ಫೋಟೊಕ್ಕೆ ಎಡೆ ಹಿಡಿಯುವ ತನಕ ಒಂದು ಹನಿ ಸಾರೂ ಯಾರ ನಾಲಿಗೆಗೂ ತಾಗುವಂತಿಲ್ಲ. ರುಚಿ ನೋಡಿದರೆ ಎಂಜಲು, ಎಂಜಲನ್ನು ದೇವರ ಮುಂದೆ ಇಡುವುದುಂಟೇ? ಹಾಗಾದರೆ ಉಪ್ಪು ಹುಳಿ ಗೊತ್ತಾಗುವುದು ಹೇಗೆ ಅಂತೀರಾ? ಜಂಬಮ್ಮ ಮುಚ್ಚಳ ಎತ್ತಿ, ಹಬೆಗೆ ಮುಖ ಕೊಟ್ಟು ಒಮ್ಮೆ ಮೂಸುತ್ತಾಳೆ. "ಇನ್ನೊಂದು ಚಿಟಿಕಿ" ಅನ್ನುತ್ತಾಳೆ. ಆ ಚಿಟಿಕೆ ಬಿದ್ದ ಮೇಲೆ ಸಾರಿನ ಬಗ್ಗೆ ಯಾರೂ ಮಾತಾಡಿದ್ದಿಲ್ಲ. ಸಂಡೂರಿನಿಂದ ಅದಿರು ಹೊತ್ತು ಬರುವ ಲಾರಿಯವರೂ ಇಲ್ಲಿ ಗಾಡಿ ನಿಲ್ಲಿಸಿ ಎರಡು ರೊಟ್ಟಿ ಹೆಚ್ಚೇ ತಿಂದು ಹೋಗುತ್ತಾರೆ.

ಮಧ್ಯಾಹ್ನ ಮೂರಕ್ಕೆ ಶಟರ್ ಅರ್ಧ ಇಳಿಯಿತೆಂದರೆ ಊಟ ಮುಗಿಯಿತು ಎಂದರ್ಥ. ಅದನ್ನು ಇಳಿಸುವವಳೂ ಜಂಬಮ್ಮನೇ, ಒಂದು ಮಧ್ಯಾಹ್ನ ಅದಕ್ಕೆ ಹಣೆ ಬಡಿದುಕೊಂಡವಳೂ ಜಂಬಮ್ಮನೇ. ಎದುರು ಹೂವಿನಂಗಡಿಯ ದುರ್ಗಕ್ಕನ ಜೊತೆ ಮಾತಾಡುತ್ತ, ಮುಖ ಹಿಂದಕ್ಕೆ ತಿರುಗಿಸಿಕೊಂಡೇ ಒಳಗೆ ನುಗ್ಗಿದಳು. ಮುಂದಕ್ಕೆ ತಿರುಗುವಷ್ಟರಲ್ಲಿ ಹಣೆ ಶಟರಿಗೆ ಬಡಿಯಿತು, ಅಂಗಾತ ಬಿದ್ದಳು, ತಲೆಯ ಹಿಂಭಾಗ ಕಲ್ಲಿನ ಮೆಟ್ಟಿಲಿಗೆ ತಾಗಿತು. ಅರ್ಧ ನಿಮಿಷ ಕಣ್ಣೇ ಬಿಡಲಿಲ್ಲ. ದುರ್ಗಕ್ಕ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದಳು.

ಎಚ್ಚರಾದ ಮೇಲೆ ಜಂಬಮ್ಮ ಕೇಳಿದ ಮೊದಲ ಮಾತು, "ಯಾರ್ಲೇ ನನ್ನ ದೂಡಿದ್ದು?" ಐದು ನಿಮಿಷಕ್ಕೆ ಅದನ್ನೇ ಮತ್ತೆ ಕೇಳಿದಳು. ಎರಡು ಸಲ ವಾಂತಿಯಾಯಿತು. ಸೊಸೆ ಹೇಮಾ ಇನ್ನು ಯಾರ ಮಾತೂ ಕೇಳಲಿಲ್ಲ, ಆಟೋ ಕರೆದು ಅತ್ತೆಯನ್ನು ಆಸ್ಪತ್ರೆಗೆ ಹಾಕಿಕೊಂಡು ಹೋದಳು.

ಡಾಕ್ಟರ್ ಸ್ಫೂರ್ತಿ ಚಿಕ್ಕ ವಯಸ್ಸಿನವರು, ದೊಡ್ಡ ತಾಳ್ಮೆಯವರು. ಕಣ್ಣಿಗೆ ಬೆಳಕು ಬಿಟ್ಟರು, ಗೆರೆಯ ಮೇಲೆ ನಡೆಸಿದರು. "ಇವತ್ತು ಏನ್ ಪಲ್ಯ ಮಾಡಿದ್ರಿ ಅಮ್ಮ?" ಎಂದು ಕೇಳಿದರು.

"ಹೆಸರುಕಾಳು," ಎಂದಳು ಜಂಬಮ್ಮ ಧೈರ್ಯವಾಗಿ.

ಹೆಸರುಕಾಳು ನಿನ್ನೆಯದು. ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಕೂತು ಒಂದು ಬುಟ್ಟಿ ಬದನೆಕಾಯಿ ಹೆಚ್ಚಿದ್ದರು.

ಸ್ಕ್ಯಾನಿನಲ್ಲಿ ರಕ್ತಸ್ರಾವ ಇರಲಿಲ್ಲ. "ಮಿದುಳು ಒಳಗ ಅಲುಗಾಡೇತಿ. ರಕ್ತ ಕಾಣಲಿಲ್ಲ ಅಂದ್ರ ಪೆಟ್ಟೇ ಆಗಿಲ್ಲ ಅಂತಲ್ಲ," ಎಂದರು ಡಾಕ್ಟರು ಹೇಮಾಳಿಗೆ. "ಎರಡು ಮೂರು ದಿನ ಪೂರ್ತಿ ವಿಶ್ರಾಂತಿ, ಮೊಬೈಲು ಟಿವಿ ಬ್ಯಾಡ. ಆಮೇಲೆ ಸ್ವಲ್ಪ ಸ್ವಲ್ಪ ಕೆಲಸ. ವಾಂತಿ, ತಲೆನೋವು ಹೆಚ್ಚಾದ್ರ ಕೂಡ್ಲೇ ಕರ್ಕೊಂಡ್ ಬರ್ರಿ. ಮತ್ತ ನೀವು ದಿನಾ ಒಂದು ನೋಟ್‌ಬುಕ್ಕಿನ್ಯಾಗ ಬರೀರಿ. ತಲೆನೋವು ಎಷ್ಟು, ನಿದ್ದಿ ಎಷ್ಟು, ಏನು ಮರೆತ್ರು, ಎಲ್ಲಾ."

ನಾಲ್ಕನೇ ದಿನ ಹೇಮಾ ಕೊಟ್ಟ ಕಾಫಿ ಬರೀ ಬಿಸಿನೀರಿನಂತಿತ್ತು. ಸೊಸೆ ಪುಡಿ ಉಳಿಸುತ್ತಿದ್ದಾಳೆ ಎಂದು ಜಂಬಮ್ಮ ಮನಸ್ಸಿನಲ್ಲೇ ಎರಡು ಮಾತು ಬೈದಳು. ಸಂಜೆ ದೇವರ ಮುಂದೆ ಊದುಬತ್ತಿ ಹಚ್ಚಿದಳು. ಹೊಗೆ ಕಣ್ಣ ಮುಂದೆ ಸುರುಳಿ ಸುತ್ತುತ್ತಿತ್ತು, ವಾಸನೆ ಇಲ್ಲ. ಮೂಗು ಹತ್ತಿರ ತಂದಳು, ಮೂಗು ಸುಡುವಷ್ಟು ಹತ್ತಿರ. ಇಲ್ಲ. ಜಂಬಮ್ಮನಿಗೆ ಜೀವಮಾನದಲ್ಲೇ ಅಷ್ಟು ಹೆದರಿಕೆಯಾಗಿರಲಿಲ್ಲ. ಓದು ಬಾರದ, ಬೇರೆ ಕಸುಬು ಗೊತ್ತಿಲ್ಲದ ಅವಳನ್ನು ನಾಲ್ಕು ಜನ ಹೆಸರು ಹಿಡಿದು ಕರೆಯುತ್ತಿದ್ದುದೇ ಈ ಮೂಗಿನಿಂದ. ಗೊತ್ತಾದರೆ ಒಲೆಯ ಮುಂದಿನಿಂದ ಎಬ್ಬಿಸಿ ಮೂಲೆಯಲ್ಲಿ ಕೂರಿಸುತ್ತಾರೆ.

"ಇವತ್ತು ಹೆಂಗೈತ್ರಿ ಅತ್ತಿ?" ಎಂದು ಹೇಮಾ ನೋಟ್‌ಬುಕ್ ತೆರೆದಳು.

"ಛಲೋ ಐತಿ ಅಂತ ಬರಿ."

ಮರುದಿನವೂ ಛಲೋ, ಅದರ ಮರುದಿನವೂ ಛಲೋ. ತಲೆನೋವು ಇಳಿಯಿತು, ಬಿಸಿಲು ಕಣ್ಣಿಗೆ ಚುಚ್ಚುವುದು ನಿಂತಿತು. ಮೂರನೇ ವಾರ ಜಂಬಮ್ಮ ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ನಿಂತಳು. ಮುಚ್ಚಳ ಎತ್ತಿದಳು, ಬಗ್ಗಿದಳು, ಮೂಸಿದಳು, "ಇನ್ನೊಂದು ಚಿಟಿಕಿ" ಅಂದಳು. ನಾಟಕದ ಕಂಪನಿಯಲ್ಲಿದ್ದರೂ ಹೆಸರು ಮಾಡುತ್ತಿದ್ದಳು.

ಅವತ್ತು, ದಿನಾ ಇಲ್ಲೇ ಉಣ್ಣುವ, ರೈಲ್ವೆ ಗ್ಯಾಂಗ್‌ಮನ್ ಆಗಿ ರಿಟೈರಾದ ಎರ್ರಿಯಪ್ಪ ಮೊದಲ ತುತ್ತಿಗೇ ನೀರಿನ ಲೋಟ ಎತ್ತಿದ. "ಜಂಬವ್ವ, ಉಪ್ಪಿನ ಡಬ್ಬಿ ಕೈತಪ್ಪಿತೇನು?"

ಮರುದಿನ ಉಪ್ಪೇ ಇರಲಿಲ್ಲ. ಕೇಳಿದ್ದಕ್ಕೆ "ನಿನಗ ಬೀಪಿ ಐತಲ್ಲ, ಅದಕ್ಕ" ಎಂದು ಅವನ ಬಾಯಿ ಮುಚ್ಚಿಸಿದಳು. ಒಂದು ದಿನ ಒಗ್ಗರಣೆ ಸೀದು ಕಪ್ಪಾಯಿತು, ಇನ್ನೊಂದು ದಿನ ಹಳಸಿದ ಮೊಸರು ಬಡಿಸಿದಳು. ಲಾರಿಯವರು ಒಂದೊಂದೇ ರೊಟ್ಟಿಗೆ ಏಳತೊಡಗಿದರು. ಹೇಮಾ ನೋಡುತ್ತಿದ್ದಳು, ಆದರೆ ಅತ್ತೆಯ ಅಡುಗೆಗೆ ಬೆರಳು ತೋರಿಸುವುದು ಹೇಗೆಂದು ಸುಮ್ಮನಿದ್ದಳು.

ಒಂದು ಬೆಳಿಗ್ಗೆ ಹೇಮಾ ಹಾಲು ತೆಗೆದುಕೊಂಡು ಬರುವಾಗ ಬಾಗಿಲಲ್ಲೇ ಗ್ಯಾಸಿನ ವಾಸನೆ ಮುಖಕ್ಕೆ ಹೊಡೆಯಿತು. ದೊಡ್ಡ ಒಲೆಯ ನಾಬ್ ತಿರುಗಿಸಿ ಮರೆತಿದ್ದ ಜಂಬಮ್ಮ ಅದರ ಪಕ್ಕದಲ್ಲೇ ಕೂತು ಆರಾಮಾಗಿ ಬದನೆಕಾಯಿ ಸೀಳಿ ಮುಗಿಸಿ, ಈಗ ಲೈಟರ್ ಹಿಡಿದು ಏಳುತ್ತಿದ್ದಳು. ಹೇಮಾ ಹಾಲಿನ ಪಾತ್ರೆ ಬಿಸಾಕಿ ಓಡಿ ಬಂದು ಅವಳ ಮಣಿಕಟ್ಟು ಹಿಡಿದಳು. ರೆಗ್ಯುಲೇಟರ್ ಬಂದ್ ಮಾಡಿ, ಶಟರ್ ಪೂರ್ತಿ ಎತ್ತಿ, ಅತ್ತೆಯನ್ನು ದರದರ ಬೀದಿಗೆ ಎಳೆದು ತಂದಳು.

ಎದುರಿನ ಕಟ್ಟೆಯ ಮೇಲೆ ಇಬ್ಬರೂ ಕೂತರು. ಹೇಮಾ ಕೇಳಿದಳು, "ಅಷ್ಟು ವಾಸನಿ ನಿಮಗ ಬರಲಿಲ್ಲೇನ್ರಿ ಅತ್ತಿ?"

ಜಂಬಮ್ಮ ಕೈಯಲ್ಲಿದ್ದ ಲೈಟರನ್ನು ಕಟ್ಟೆಯ ಮೇಲಿಟ್ಟಳು. "ಬಿದ್ದಾಗಿಂದ ಏನೂ ಬರಂಗಿಲ್ಲವ್ವ," ಎಂದಳು. "ನಿನ್ನ ಕಾಫೀನೂ ಬರಂಗಿಲ್ಲ. ಪಾಪ, ನಿನ್ನ ಬೈಕೊಂಡೆ." ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಬೈಯಬೇಕೆಂದಿದ್ದ ಹೇಮಾ ಅವಳ ಬೆನ್ನು ಸವರುತ್ತ ತಾನೂ ಅತ್ತಳು.

ಡಾಕ್ಟರ್ ಸ್ಫೂರ್ತಿ ನೋಟ್‌ಬುಕ್ಕಿನ ಹಾಳೆ ತಿರುವಿದರು. "ಛಲೋ, ಛಲೋ, ಛಲೋ. ಊರಿನ್ಯಾಗ ಇಷ್ಟು ಛಲೋ ಇರೋ ಪೇಷಂಟು ನಾನು ನೋಡೇ ಇಲ್ಲ," ಎಂದು ಹೇಮಾಳ ಕಡೆ ತಿರುಗಿದರು. "ಇನ್ಮ್ಯಾಲೆ ಹಾಳಿ ನಡುವ ಗೆರೆ ಹೊಡೀರಿ. ಈ ಕಡೆ ಅತ್ತಿ ಹೇಳಿದ್ದು, ಆ ಕಡೆ ನೀವು ಕಂಡಿದ್ದು." ಕಣ್ಣು ಮುಚ್ಚಿಸಿ ಕಾಫಿ ಪುಡಿ, ಲವಂಗ, ಸೋಪು ಒಂದೊಂದೇ ಮೂಸಿಸಿದರು. ಜಂಬಮ್ಮ ಮೂರಕ್ಕೂ ತಲೆ ಅಲ್ಲಾಡಿಸಿದಳು. ಮೂಗಿನಿಂದ ಮಿದುಳಿಗೆ ಹೋಗುವ ಕೂದಲೆಳೆಯಂಥ ನರಗಳು ಬಿದ್ದ ರಭಸಕ್ಕೆ ಹರಿದಿರಬಹುದು, ಮತ್ತೆ ಕೂಡಲೂಬಹುದು, ಕೂಡದೆಯೂ ಇರಬಹುದು, ವರ್ಷ ಹಿಡಿದರೂ ಹಿಡಿಯಿತು ಎಂದರು. ದಿನಕ್ಕೆರಡು ಸಲ ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ ಮೂಸಬೇಕು. ಒಬ್ಬಳೇ ಇದ್ದಾಗ ಒಲೆ ಹಚ್ಚಬಾರದು. "ನಾಲಿಗಿ ಮಾತ್ರ ಗಟ್ಟಿ ಐತಿ. ಉಪ್ಪು, ಹುಳಿ, ಸಿಹಿ ಅದಕ್ಕ ತಿಳೀತಾವು. ರುಚಿ ನೋಡಿ ಅಡಗಿ ಮಾಡ್ರಿ."

ರುಚಿ ನೋಡಿ. ಎಡೆಗೆ ಮುಂಚೆ. ಜಂಬಮ್ಮ ಖಾನಾವಳಿಗೆ ವಾಪಸು ಬಂದವಳೇ ಬೇಳೆ ಇಟ್ಟಳು, ಸಾರು ಕುದಿ ಬಂದಾಗ ಒಂದು ಬಟ್ಟಲಿಗೆ ಸ್ವಲ್ಪ ಬಗ್ಗಿಸಿಕೊಂಡು ನೇರ ಫೋಟೊದ ಮುಂದೆ ಹೋಗಿ ನಿಂತಳು.

"ತಂದಿ, ಇದು ಅರ್ಧ ಆದ ಸಾರು. ಉಪ್ಪು ಹೆಚ್ಚು ಕಮ್ಮಿ ಇದ್ರ ನೀನು ನಡಿಸ್ಕೋತಿ, ಎರ್ರಿಯಪ್ಪ ನಡಿಸ್ಕೊಳ್ಳಂಗಿಲ್ಲ." ಕೈ ಮುಗಿದು, ಬಟ್ಟಲನ್ನು ತುಟಿಗಿಟ್ಟಳು. ಎಡೆಯಾದ ಮೇಲೆ ಅದು ಪ್ರಸಾದ, ಎಂಜಲು ಹೇಗಾದೀತು? ಹುಳಿ ಸರಿಯಿತ್ತು, ಉಪ್ಪು ಕಮ್ಮಿಯಿತ್ತು. ಪಲ್ಯಕ್ಕೂ ಹಾಗೇ, ಚಟ್ನಿಗೂ ಹಾಗೇ.

"ದೇವ್ರಿಗೆ ದಿನಕ್ಕ ಆರು ಸಲ ಊಟ ಆತ್ರಿ," ಎಂದಳು ಹೇಮಾ. ಒಗ್ಗರಣೆ ಯಾವಾಗ ಇಳಿಸಬೇಕು, ಮೊಸರು ಹಳಸಿದೆಯೇ ಎಂಬುದು ಈಗ ಅವಳ ಮೂಗಿನ ಪಾಲು. ಮರುದಿನ ಜಂಬಮ್ಮ ಬಡಿಸುತ್ತ ತಾನೇ ಎಲ್ಲರಿಗೂ ಕೇಳುವಂತೆ ಹೇಳಿದಳು, "ನನ್ನ ಮೂಗು ಹೋಗೇತ್ರೆಪ್ಪ. ಹೆಚ್ಚುಕಮ್ಮಿ ಆದ್ರ ಬಾಯಿಬಿಟ್ಟು ಹೇಳ್ರಿ, ಅರ್ಧಕ್ಕ ಏಳಬ್ಯಾಡ್ರಿ." ಎರ್ರಿಯಪ್ಪ ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಒಂದು ತಿಂಗಳು, ಎರಡು, ಮೂರು. ನಾಲ್ಕೂ ಎಣ್ಣೆಯ ಬಾಟಲಿ ನೀರು ತುಂಬಿಟ್ಟಷ್ಟೇ ಸಪ್ಪೆ. ನೋಟ್‌ಬುಕ್ಕಿನ ಎರಡೂ ಕಡೆ "ಇಲ್ಲ" ಎಂದೇ ಬೀಳುತ್ತಿತ್ತು. ಜಂಬಮ್ಮ ಆಸೆ ಬಿಟ್ಟಿದ್ದಳು, ಸೊಸೆಯ ಕಾಟಕ್ಕೆ ಮೂಸುತ್ತಿದ್ದಳು.

ನಾಲ್ಕನೇ ತಿಂಗಳ ಒಂದು ಬೆಳಿಗ್ಗೆ ಲವಂಗದ ಬಾಟಲಿಯನ್ನು ಮೂಗಿಗೆ ಹಿಡಿದವಳೇ ದೂರ ತಳ್ಳಿದಳು. "ಥೂ, ಇದರಾಗ ಏನ್ ಹಾಕೀಯವ್ವ? ಟೈರ್ ಸುಟ್ಟಂಗ ನಾರ್ತೈತಿ."

ಹೇಮಾ ಮೂಸಿದಳು. ಲವಂಗವೇ. ತಲೆ ಪೂರ್ತಿ ಕೆಟ್ಟಿತೆಂದು ಜಂಬಮ್ಮ ಹೆದರಿದಳು. ಹೇಮಾ ಡಾಕ್ಟರಿಗೆ ಫೋನು ಹಚ್ಚಿ ಸ್ಪೀಕರ್ ಒತ್ತಿದಳು.

"ನಾರ್ತೈತಾ? ಛಲೋ ಆತು," ಎಂದರು ಡಾಕ್ಟರ್ ಸ್ಫೂರ್ತಿ. "ಹರಿದ ನರ ಮತ್ತ ಕೂಡಾಕ ಹತ್ತಿದ್ರ ಮೊದಮೊದಲು ಹಿಂಗ ತಪ್ಪು ವಾಸನಿ ಬರ್ತೈತ್ರಿ. ಪೂರ್ತಿ ಸರಿ ಆಗ್ತೈತಿ ಅಂತ ನಾನು ಮಾತು ಕೊಡಂಗಿಲ್ಲ. ಆದ್ರ ಏನೋ ಬರಾಕ ಹತ್ತೇತಿ."

ಫೋನು ಇಟ್ಟ ಮೇಲೆ ಜಂಬಮ್ಮ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಮೂಗಿಗೆ ತಂದಳು. ಹೊಟ್ಟೆ ತೊಳೆಸುವಷ್ಟು ನಾರುತ್ತಿತ್ತು. ಕಣ್ಣಿಂದ ನೀರಿಳಿಯುತ್ತಿದ್ದರೂ ಒರೆಸಿಕೊಳ್ಳದೆ, ಇನ್ನೊಮ್ಮೆ ಉದ್ದಕ್ಕೆ ಉಸಿರೆಳೆದಳು.