ಗಲಾಪಗೋಸ್‌ಗೆ ಎಣ್ಣೆ ಹಚ್ಚಿಕೊಂಡು ಹೋದವಳು

ನನ್ನ ಗಂಡ ತ್ರಿವಿಕ್ರಮ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವವಳಿದ್ದೇನೆ.

ಆ ವರ್ಷ, ಅಂದರೆ ೨೦೧೬ರಲ್ಲಿ, ಕ್ರಿಸ್‌ಮಸ್ ರಜಕ್ಕೆ ಗಲಾಪಗೋಸ್ ದ್ವೀಪಗಳಿಗೆ ಹೋಗುವುದೆಂದು ಅಮೆರಿಕದ ಇಸ್ಸಾಕ್ವಾ ಊರಿನ ನಮ್ಮ ಮನೆಯಲ್ಲಿ ಏಪ್ರಿಲ್‌ನಲ್ಲೇ ತೀರ್ಮಾನವಾಗಿತ್ತು. ಇವರು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ನನಗೂ ಮಗಳು ಶ್ರೀವಿದ್ಯಾಗೂ ಫೋಟೋ ತೋರಿಸಿದರು. ಸಮುದ್ರದ ನಡುವೆ ಜ್ವಾಲಾಮುಖಿ ಉಕ್ಕಿ ಹುಟ್ಟಿದ ದ್ವೀಪಗಳು, ಈಜುವ ಉಡಗಳು, ನೀಲಿ ಕಾಲಿನ ಹಕ್ಕಿಗಳು. ಆಮೇಲೆ ನೀರಿನೊಳಗೆ ತೇಲುತ್ತಿದ್ದ ಒಂದು ಕಡಲಾಮೆ. ನಾನು ಅದನ್ನೇ ನೋಡುತ್ತಾ ಕೂತುಬಿಟ್ಟೆ.

"ನಾನೂ ಶ್ರೀವಿದ್ಯಾನೂ ಸ್ನಾರ್ಕಲಿಂಗ್ ಮಾಡ್ತೀವಿ. ನೀನು ದೋಣೀಲಿ ಆರಾಮಾಗಿ ಕೂತಿರು, ರುಕ್ಕು" ಅಂದರು.

ಆರಾಮಾಗಿ! ಚಿಕ್ಕಂದಿನಲ್ಲಿ ಶ್ರೀರಂಗಪಟ್ಟಣದಲ್ಲಿ ಅಣ್ಣಂದಿರು ಕಾವೇರಿಗೆ ಹಾರುವಾಗ ದಡದಲ್ಲಿ ಅವರ ಬಟ್ಟೆ ಕಾಯುತ್ತಿದ್ದವಳು ನಾನು. ಇಲ್ಲಿ ಲೇಕ್ ಸಮಾಮಿಶ್ ದಡದಲ್ಲಿ ಇವರಿಬ್ಬರ ಟವೆಲ್ಲು, ಫೋನು, ಚಪ್ಪಲಿ ಕಾಯುವವಳೂ ನಾನೇ. ನಲವತ್ತಮೂರು ವರ್ಷವಾದರೂ ನನಗೆ ಬಡ್ತಿ ಸಿಕ್ಕಿರಲಿಲ್ಲ. ನಾನೂ ಸ್ನಾರ್ಕಲಿಂಗ್ ಮಾಡಬೇಕು, ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕು ಹಾಕಿ, ಉಸಿರಾಡುವ ಕೊಳವೆ ಬಾಯಲ್ಲಿ ಕಚ್ಚಿಕೊಂಡು ಆ ಆಮೆಯನ್ನು ನೀರೊಳಗೇ, ನನ್ನ ಕಣ್ಣಿಂದಲೇ ನೋಡಬೇಕು ಅಂತ ಹಟ ಹುಟ್ಟಿತು.

ಮನೆಯಲ್ಲಿ ಹೇಳದೆ ಈಜು ಕಲಿಯಲು ಹೊರಟೆ. ಕಲಿಸಿದವಳು ಗೆಳತಿ ಸಿಸಿಲಿಯಾ. ಉಳ್ಳಾಲದ ಕಡೆಯವಳು, ನಮ್ಮ ಹತ್ತಿರದ ಊರು ಕೆಂಟ್‌ನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಮ್ಯಾನೇಜರ್. ಶನಿವಾರ ಬೆಳಿಗ್ಗೆ ಪೂಲಿಗೆ ಬಂದು, ನಾನು ಗೋಡೆ ಹಿಡಿದು ನಡುಗುವುದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಎಂತ ಹೆದರುವುದು ಮಾರಾಯ್ತಿ? ನೀರು ನಿಮ್ಮನ್ನು ಎತ್ತಿ ಹಿಡೀತದೆ. ನೀವು ಅದರ ಹತ್ರ ಜಗಳ ಮಾಡ್ಬೇಡಿ, ಅಷ್ಟೇ."

ಜಗಳ ಬಿಡುವುದು ನನಗೆ ಸುಲಭದ ಕೆಲಸವಲ್ಲ. ಆದರೂ ಬೇಸಿಗೆ ಮುಗಿಯುವಷ್ಟರಲ್ಲಿ ತೇಲಿದೆ, ಆಮೇಲೆ ಈಜಿದೆ. ಕ್ಲೋರಿನ್‌ಗೆ ಕೂದಲು ತೆಂಗಿನನಾರು ಆಗುತ್ತದೆಂದು ಸಿಸಿಲಿಯಾ ಹೇಳಿದ್ದರಿಂದ ಪ್ರತಿಸಲ ತಲೆಗೂ ಮುಖಕ್ಕೂ ಕೊಬ್ಬರಿಎಣ್ಣೆ ಹಚ್ಚಿ, ಮೇಲೆ ರಬ್ಬರ್ ಟೋಪಿ ಹಾಕಿ ಇಳಿಯುತ್ತಿದ್ದೆ. ಅದೊಂದು ಅಭ್ಯಾಸವೇ ಆಗಿಹೋಯಿತು.

ನವೆಂಬರಿನಲ್ಲಿ ಗಂಡ, ಮಗಳು ಇಬ್ಬರನ್ನೂ ಕರೆದುಕೊಂಡು ಹೋಗಿ ಅವರ ಮುಂದೆ ಪೂಲಿನ ಈ ತುದಿಯಿಂದ ಆ ತುದಿಗೆ ಈಜಿದೆ. ಶ್ರೀವಿದ್ಯಾ "ಅಮ್ಮಾ, ಓ ಮೈ ಗಾಡ್!" ಅಂತ ಕುಣಿದಳು. ಇವರು ಬಾಯಿ ತೆರೆದು ನಿಂತರು. ಆಮೇಲೆ ಮೆಲ್ಲಗೆ, "ಪೂಲ್ ಬೇರೆ, ಸಮುದ್ರ ಬೇರೆ ಕಣೇ" ಅಂದರು. ಹೇಳಿದೆನಲ್ಲ, ಸಿಟ್ಟು ಬರುತ್ತದೆಂದು.

ಡಿಸೆಂಬರಿನಲ್ಲಿ ಗಲಾಪಗೋಸ್ ತಲುಪಿದೆವು. ಸಣ್ಣ ಹಡಗಿನಲ್ಲಿ ದ್ವೀಪದಿಂದ ದ್ವೀಪಕ್ಕೆ ಪಯಣ. ಹೆಪ್ಪುಗಟ್ಟಿದ ಲಾವಾ ಚಕ್ಕುಲಿ ಒತ್ತಿಟ್ಟ ಹಾಗೆ ಸುತ್ತಿ ಸುತ್ತಿ ಬಿದ್ದಿತ್ತು. ಅದರ ಮೇಲೆ ಕಪ್ಪು ಉಡಗಳು ರಾಶಿ ರಾಶಿ ಮಲಗಿ ಮೂಗಿನಿಂದ ಉಪ್ಪುನೀರು ಸೀನುತ್ತಿದ್ದವು. ಒಂದು ಕಡಲಸಿಂಹದ ಮರಿ ಕಾಲುದಾರಿಗೆ ಅಡ್ಡ ಮಲಗಿ ಏಳಲೇ ಇಲ್ಲ. ನಾವೇ ಸುತ್ತು ಹಾಕಿ ಹೋದೆವು. ಮನುಷ್ಯರಿಗೆ ಯಾರೂ ಕ್ಯಾರೇ ಅನ್ನದ ಆ ಜಾಗ ನನಗೆ ಬಹಳ ಹಿಡಿಸಿತು.

ಆದರೆ ನೀರಿಗಿಳಿದಾಗ ಮಾನ ಹೋಯಿತು. ಮುಖಕ್ಕೆ ಹಾಕಿದ ಮಾಸ್ಕು ಜಾರಿ ಒಳಗೆ ನೀರು ತುಂಬಿತು. ಗಾಜೆಲ್ಲ ಮಸುಕು. ಮೂಗಿಗೆ ಉಪ್ಪುನೀರು ಹೊಕ್ಕು ಕೈಕಾಲು ಬಡಿದೆ. ನನ್ನನ್ನು ಅಕ್ಕಿ ಮೂಟೆಯ ಹಾಗೆ ದೋಣಿಗೆ ಎಳೆದು ಹಾಕಿದರು. ಮರುದಿನವೂ ಅದೇ ಕಥೆ. ಗೈಡ್ ಬೇರೆ ಬೇರೆ ಮಾಸ್ಕು ಕೊಟ್ಟು ನೋಡಿ, ಕೆಲವರ ಮುಖದ ಆಕಾರಕ್ಕೆ ಕೂರುವುದಿಲ್ಲ ಅಂದುಬಿಟ್ಟ. ನನ್ನ ಅಮ್ಮನಿಂದ ಬಂದ ಮೂಗಿನ ಮೇಲೆ ಅಪವಾದ!

ರಾತ್ರಿ ಊಟದಲ್ಲಿ ಇವರು ನನ್ನ ಬೆನ್ನು ಸವರಿ, "ಬಿಡು ರುಕ್ಕು. ಇಷ್ಟು ಮಾಡಿದ್ದೇ ದೊಡ್ಡದು. ನಾಳೆ ಕೊನೇ ಸಲ ಇಳಿಯೋದು, ನೀನು ದೋಣೀಲೇ ಇರು" ಅಂದರು. ಪ್ರೀತಿಯಿಂದಲೇ ಹೇಳಿದ್ದು. ಅದಕ್ಕೇ ಇನ್ನೂ ಅಳು ಬಂತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಬೆಳಿಗ್ಗೆ ಹಡಗಿನ ಕೋಣೆಯ ಕನ್ನಡಿ ಮುಂದೆ ನಿಂತು, ಇವತ್ತೂ ಇಳಿದೇ ಇಳಿಯುತ್ತೇನೆಂದು ಎಂದಿನಂತೆ ತಲೆಗೆ, ಮುಖಕ್ಕೆ ಎಣ್ಣೆ ಹಚ್ಚಿದೆ. ಹಣೆಗೆ ಸ್ಟಿಕ್ಕರ್ ಬೊಟ್ಟು ಇಟ್ಟೆ. ಜಾರಿ ಮೂಗಿನ ಮೇಲೆ ಬಂತು. ಮತ್ತೆ ಇಟ್ಟೆ. ಈ ಸಲ ಸಿಂಕಿಗೇ ಬಿತ್ತು.

"ಎಣ್ಣೆ ಮುಖಕ್ಕೆ ಬೊಟ್ಟು ಎಲ್ಲಿ ನಿಲ್ಲುತ್ತೆ?" ಅಂತ ಗೊಣಗಿಕೊಂಡೆ. ಗೊಣಗಿದವಳು ಹಾಗೇ ನಿಂತುಬಿಟ್ಟೆ. ಬೊಟ್ಟೇ ನಿಲ್ಲದ ಮುಖಕ್ಕೆ ಮಾಸ್ಕು ನಿಲ್ಲುತ್ತದೆಯೇ? ಪೂಲಿನಲ್ಲಿ ಹಾಕುತ್ತಿದ್ದ ಸಣ್ಣ ಕನ್ನಡಕ ಕಣ್ಣಿನ ಗುಳಿಯಲ್ಲಿ ಕೂರುತ್ತಿತ್ತು. ಇಲ್ಲಿಯದು ಹಣೆ, ಕೆನ್ನೆ ಎಲ್ಲ ಹಿಡಿದುಕೊಂಡು ಕೂರಬೇಕಾದದ್ದು. ಅಯ್ಯೋ ನನ್ನ ಬುದ್ಧಿಗಿಷ್ಟು!

ಅಡುಗೆಮನೆಗೆ ಓಡಿದೆ. ಅಡುಗೆಯವನಿಗೆ ಸ್ಪ್ಯಾನಿಶ್, ನನಗೆ ಕನ್ನಡ. ಪಾತ್ರೆ ಉಜ್ಜುವ ಹಾಗೆ ಅಭಿನಯಿಸಿ ಸೋಪಿನ ಬಾಟಲಿ ಇಸಿದುಕೊಂಡೆ. ಮುಖ, ಹಣೆ, ಕಿವಿಯ ಹಿಂದೆ, ತಲೆ ಎಲ್ಲವನ್ನೂ ಬೋಂಡ ಕರಿದ ಬಾಣಲೆಯ ಹಾಗೆ ಉಜ್ಜಿದೆ. ಚರ್ಮ ಚುರುಚುರು ಅಂತು. ಅನ್ನಲಿ.

ಸಣ್ಣ ದೋಣಿಯಲ್ಲಿ ಕೊಲ್ಲಿಗೆ ಹೋದೆವು. ಮಾಸ್ಕು ಒತ್ತಿ ಉಸಿರೆಳೆದೆ. ಅಂಟಿನಂತೆ ಹಿಡಿದುಕೊಂಡಿತು. ಇವರು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ನೀರಿಗೆ ಜಾರಿಬಿಟ್ಟಿದ್ದೆ.

ಒಂದು ಹನಿಯೂ ಒಳಗೆ ಬರಲಿಲ್ಲ. ನೀರೊಳಗೆ ಕರಿಯ ಬಂಡೆಗಳು ಇಳಿಯುತ್ತಾ ಹೋಗಿ ನೀಲಿಯಲ್ಲಿ ಕರಗಿದ್ದವು. ಹಳದಿ ಬಾಲದ ಮೀನುಗಳ ಹಿಂಡೊಂದು ನನ್ನನ್ನು ನೋಡಿ ಎರಡಾಗಿ ಒಡೆದು ಆಚೀಚೆ ಹೋಯಿತು. ಆಮೇಲೆ ಬಂಡೆಯೊಂದು ಅಲ್ಲಾಡಿತು. ಬಂಡೆಯಲ್ಲ, ಆಮೆ.

ನನ್ನ ಅಡಿಯಲ್ಲೇ ಪಾಚಿ ಮೇಯುತ್ತಿತ್ತು. ಆತುರವೇ ಇಲ್ಲ. ಕಚ್ಚುವುದು, ಅಗಿಯುವುದು, ಕಣ್ಣು ಮಿಟುಕಿಸುವುದು. ಉಸಿರಿಗಾಗಿ ಮೇಲೆ ಬರುವಾಗ ನನ್ನ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಬಂತು. ಮುಟ್ಟಬಾರದೆಂಬ ನಿಯಮ ಇತ್ತು, ಮುಟ್ಟಲಿಲ್ಲ. ಇಬ್ಬರೂ ಒಟ್ಟಿಗೇ ತಲೆ ಎತ್ತಿದೆವು. ಅದು ಪುಸ್ಸೆಂದು ಉಸಿರು ಬಿಟ್ಟಿತು. ನಾನು ಕೊಳವೆ ತೆಗೆದು ಗಟ್ಟಿಯಾಗಿ ನಕ್ಕೆ. ಅಷ್ಟು ಸಂತೋಷವಾಗಿತ್ತು, ಕಣ್ಣಲ್ಲಿ ನೀರು ಬಂದು ಮಾಸ್ಕಿನೊಳಗೇ ನಿಂತಿತು.

ನಕ್ಕ ಸದ್ದನ್ನು ಕಿರುಚಾಟ ಅಂದುಕೊಂಡು ಇವರು ಎದ್ದೂ ಬಿದ್ದೂ ಈಜಿಕೊಂಡು ಬಂದರು. ಮುಖ ಬಿಳಿಚಿಕೊಂಡಿತ್ತು.

"ರುಕ್ಕು! ಏನಾಯ್ತೇ? ಕೈ ಕೊಡು, ದೋಣಿಗೆ ಕರ್ಕೊಂಡು ಹೋಗ್ತೀನಿ!"

"ರೀ, ದಾರಿ ಬಿಡ್ರೀ" ಅಂದೆ. "ಅದು ಮತ್ತೆ ಕೆಳಗೆ ಹೋಗ್ತಿದೆ."

ಅವರು ಬಿಟ್ಟರು. ನಾನು ಕೊಳವೆ ಕಚ್ಚಿಕೊಂಡು ಮುಖವನ್ನು ನೀರೊಳಗಿಟ್ಟೆ.