ಭಟ್ಟಿಯಣ್ಣನ ವಿಳಾಸ

ಬೇಕರಿಯ ಒಡತಿಗೆ ಬಾಯಿ ಸ್ವಲ್ಪ ಜೋರು. ಕೇಳುವವರು ಕೇಳಿ ಮುಗಿಸುವಷ್ಟರಲ್ಲಿ ಅವಳ ಉತ್ತರ ಬಂದಾಗಿರುತ್ತದೆ. ಆ ಮಧ್ಯಾಹ್ನ ಬಂದವನು ಗಿರಾಕಿಯಲ್ಲ, ಮತದಾರರ ಪಟ್ಟಿಗೆ ಅರ್ಜಿ ಹಾಕಿದವರ ವಿಳಾಸ ವಿಚಾರಿಸುವ ಗುಮಾಸ್ತ. ಒಂದು ಹೆಸರು ಓದಿದ, ತಂದೆಯ ಹೆಸರನ್ನೂ ಸೇರಿಸಿ ಓದಿದ.

"ಇವರು ಇಲ್ಲೇ ಇರೋದಾ?"

"ಆ ಹೆಸರಿನೋರು ಯಾರೂ ಇಲ್ಲಪ್ಪ. ಇರೋದು ನಾನು, ನನ್ನ ಗಂಡ, ಮಗಳು. ಯಾರೋ ತಪ್ಪು ವಿಳಾಸ ಕೊಟ್ಟಿದ್ದಾರೆ," ಎಂದಳು, ಬನ್ನಿನ ತಟ್ಟೆಯಿಂದ ತಲೆಯನ್ನೂ ಎತ್ತದೆ. ಗುಮಾಸ್ತ ಬರೆದುಕೊಂಡು ಹೊರಟುಹೋದ.

ಆ ಹೆಸರಿನ ಮನುಷ್ಯ ಅವಳ ನೆತ್ತಿಯ ಮೇಲೆಯೇ, ಅಟ್ಟದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದ! ಇಡೀ ರಾತ್ರಿ ಭಟ್ಟಿಯ ಮುಂದೆ ನಿಂತು ಬ್ರೆಡ್ಡು ಬೇಯಿಸುವವನು ಮಲಗುವುದು ಹಗಲಿನಲ್ಲಿಯೇ. ಅವಳು ಸೊಸೆಯಾಗಿ ಬರುವ ಮೊದಲೇ ಅವನು ಆ ಕೋಣೆಯಲ್ಲಿದ್ದ. ಅತ್ತೆ ಅವನನ್ನು ಭಟ್ಟಿಯಣ್ಣ ಎಂದರು, ಇವಳೂ ಭಟ್ಟಿಯಣ್ಣ ಎಂದಳು, ಮಗಳು ಮಾತು ಕಲಿತದ್ದೇ ಅದನ್ನೇ ಹೇಳಿದಳು. ಅವನಿಗೂ ಹೆತ್ತವರು ಇಟ್ಟ ಹೆಸರೊಂದು ಇರಬೇಕಲ್ಲ ಎಂದು ಯಾರಿಗಾದರೂ ಹೊಳೆಯಿತೇ? ಇಲ್ಲ ಬಿಡಿ.

ಕೆಲವು ದಿನ ಕಳೆದು ಒಂದು ಸಂಜೆ ಭಟ್ಟಿಯಣ್ಣ ಕೆಳಗಿಳಿದು ಬಂದ. ಹಿಟ್ಟಿನ ಕಡೆಗೆ ಹೋಗದೆ ಅವಳ ಮುಂದೆ ನಿಂತ.

"ತಂಗ್ಯಮ್ಮ, ಕೋಣೆ ಯಾವಾಗ ಖಾಲಿ ಮಾಡ್ಲಿ?"

"ಯಾಕಣ್ಣ, ಏನಾಯ್ತು ನಿಮಗೆ?"

"ಓಟಿನ ಆಫೀಸಿಗೆ ಹೋಗಿದ್ದೆ. ನಾನು ಇಲ್ಲಿಲ್ಲ ಅಂತ ಮನೆಯವರೇ ಹೇಳಿದ್ರಂತೆ, ಅರ್ಜಿ ವಜಾ ಆಗಿದೆ. ಅದು ಹೋದ್ರೆ ಹೋಗ್ಲಿ. ನಾನಿರೋದು ಬೇಡ ಅಂದ್ರೆ ನನ್ನ ಹತ್ರಾನೇ ಹೇಳಬಹುದಿತ್ತಲ್ವಾ?"

"ಅಯ್ಯೋ ದೇವರೇ, ಅದು ನೀವಾ! ಅರ್ಜಿ ಹಾಕಿದ್ದೀನಿ ಅಂತ ಮೊದಲೇ ಒಂದು ಮಾತು ಹೇಳೋಕೆ ಏನಾಗಿತ್ತು?"

"ನಗ್ತೀರೇನೋ ಅಂದ್ಕೊಂಡೆ. ವಯಸ್ಸಿದ್ದಾಗ ಭಟ್ಟಿಯಿಂದ ಭಟ್ಟಿಗೆ ಅಲೆದೋನು, ಯಾವ ಊರಿನ ಪಟ್ಟಿಯಲ್ಲೂ ಸೇರಲಿಲ್ಲ. ಇಲ್ಲಿಗೆ ಬಂದ ಮೇಲೆ ಹಗಲೆಲ್ಲ ನಿದ್ದೆ. ಒಂದು ಸಲ ನಾನೂ ಸಾಲಲ್ಲಿ ನಿಂತು ಓಟು ಹಾಕಿ ಬರೋಣ ಅನ್ನಿಸ್ತು, ಅಷ್ಟೇ."

ಅವಳಿಗೆ ನಾಚಿಕೆಯಾಯಿತು. ಅವನು ಬೇಯಿಸಿದ ಬ್ರೆಡ್ಡು ಮಾರಿ ಸಂಸಾರ ನಡೆಸಿದವಳು, ಅವನನ್ನೇ ಇಲ್ಲ ಎಂದುಬಿಟ್ಟಿದ್ದಳು. ಮತ್ತೆ ಅರ್ಜಿ ಹಾಕಲು ಕೊನೆಯ ದಿನ ಯಾವಾಗ ಎಂದು ಕೇಳಿದಳು. ನಾಳೆಯೇ.

ಬೆಳಿಗ್ಗೆ ಅವನನ್ನು ಮಲಗಲು ಬಿಡಲಿಲ್ಲ, ಹಿಟ್ಟು ಮೆತ್ತಿದ ಅಂಗಿಯಲ್ಲೇ ಹೊರಡಿಸಿದಳು. ದಾರಿಯುದ್ದಕ್ಕೂ ಅವನ ಹೆಸರನ್ನೂ ಅವನ ತಂದೆಯ ಹೆಸರನ್ನೂ ಪಾಠ ಒಪ್ಪಿಸುವ ಮಕ್ಕಳ ಹಾಗೆ ಮತ್ತೆ ಮತ್ತೆ ಹೇಳಿಕೊಂಡಳು.

ಆಫೀಸಿನಲ್ಲಿ ಅದೇ ಗುಮಾಸ್ತ. ವಯಸ್ಸಿನ ಪುರಾವೆಗೆ ಶಾಲೆಯ ಪ್ರಮಾಣಪತ್ರವಿತ್ತು. ವಿಳಾಸಕ್ಕೆ ಏನಿದೆ? ಕರೆಂಟು ಬಿಲ್ಲು ಅವಳ ಗಂಡನ ಹೆಸರಿನಲ್ಲಿ, ಬಾಡಿಗೆ ಚೀಟಿ ಇಲ್ಲವೇ ಇಲ್ಲ.

"ಕಾಗದ ಇಲ್ಲಾಂದ್ರೆ ಜೊತೆಯಲ್ಲಿ ಇರೋರು ಬರೆದುಕೊಡಬೇಕು. ಆಮೇಲೆ ನಾನು ಬಂದು ಅಕ್ಕಪಕ್ಕ ವಿಚಾರಿಸ್ತೀನಿ," ಎಂದ ಗುಮಾಸ್ತ. ಆಮೇಲೆ ಅವಳ ಮುಖ ನೋಡಿದ. "ಅವತ್ತು ಯಾರೂ ಇಲ್ಲ ಅಂದೋರು ನೀವೇ ಅಲ್ವಾ?"

"ನಾನೇ. ಇದೇ ಹಾಳು ಬಾಯಲ್ಲಿ ಹೇಳಿದ್ದೆ. ಈಗ ಇದೇ ಬಾಯಲ್ಲಿ ಹೇಳ್ತೀನಿ, ಬರ್ಕೊಳ್ಳಿ." ಎರಡು ಹೆಸರನ್ನೂ ತಡವರಿಸದೆ ಹೇಳಿದಳು. "ನಮ್ಮ ಮನೆಯಲ್ಲೇ ಇದ್ದಾರೆ, ನನಗಿಂತ ಮುಂಚೆಯಿಂದ ಇದ್ದಾರೆ. ನೀವು ಬರೋದಾದ್ರೆ ಸಂಜೆ ಬನ್ನಿ, ಎದ್ದಿರ್ತಾರೆ."

ಪಕ್ಕದ ಬೆಂಚಿನಲ್ಲಿ ಕೂತಲ್ಲೇ ತೂಕಡಿಸುತ್ತಿದ್ದ ಭಟ್ಟಿಯಣ್ಣ, ತನ್ನ ಹೆಸರು ಅವಳ ಬಾಯಲ್ಲಿ ಕೇಳಿ ಯಾರನ್ನೋ ಕರೆದರೇನೋ ಎಂಬಂತೆ ಕಣ್ಣು ಬಿಟ್ಟ.

ಗುಮಾಸ್ತ ಸಂಜೆಯೇ ಬಂದ. ಅಕ್ಕಪಕ್ಕದವರೂ ಹೆಸರು ಕೇಳಿ ತಬ್ಬಿಬ್ಬಾದರು, ಭಟ್ಟಿಯಣ್ಣ ಎಂದ ಮೇಲೆ ನಾಲ್ಕು ದಿಕ್ಕಿನಿಂದಲೂ ಹೌದು ಹೌದು ಎಂದರು.

ಚುನಾವಣೆಗೆ ಮೊದಲು ಒಂದು ಮಧ್ಯಾಹ್ನ ಅಂಚೆಯವನು ಓಟಿನ ಆಫೀಸಿನ ಲಕೋಟೆ ಹಿಡಿದು ಬಂದ. ಇಷ್ಟು ವರ್ಷ ಅದೇ ಬೀದಿಗೆ ಕಾಗದ ಹಂಚಿದವನು, ವಿಳಾಸವನ್ನು ಎರಡು ಸಲ ಓದಿ ಹುಬ್ಬೇರಿಸಿದ. ಗಟ್ಟಿಯಾಗಿ ಹೆಸರು ಕೂಗಿ, "ಇಂಥೋರು ಯಾರಾದ್ರೂ ಇದ್ದಾರೇನಮ್ಮಾ ಇಲ್ಲಿ?" ಎಂದ.

ಅವಳು ತಟ್ಟೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಲಕೋಟೆ ತೆಗೆದುಕೊಂಡಳು.

"ಇದ್ದಾರೆ. ಮಲಗಿದ್ದಾರೆ, ಮೆತ್ತಗೆ ಮಾತಾಡಿ."