ದೂರದ ಕಾಯಿ

ನಾನು ಕೋವಿ. ಹತ್ತಿರ ಬಂದು ಕೂರಿ, ಹೆದರಬೇಡಿ. ಈಗ ನನ್ನ ಹೊಟ್ಟೆಯಲ್ಲಿ ಈಡಿಲ್ಲ. ಕೊಡಗಿನ ಒಂದು ಮನೆಯ ನಡುಕೋಣೆಯಲ್ಲಿ, ತೂಗುದೀಪದ ಪಕ್ಕದ ಮೂಲೆಗೆ ಬೆನ್ನು ಕೊಟ್ಟು ನಿಂತಿದ್ದೇನೆ. ನಿಂತು ನಿಂತು ನನಗೆ ಮಾತು ಜಾಸ್ತಿಯಾಗಿದೆ.

ನಾನು ಹುಟ್ಟಿದ್ದು ಎರಡು ಸಲ. ನನ್ನ ನಳಿಗೆ ಮೊದಲು ಒಬ್ಬ ಬಿಳಿ ದೊರೆಯ ರೈಫಲಿನಲ್ಲಿತ್ತು. ಅವನು ಬಂಗಲೆಯ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕಣಿವೆಯಾಚೆ ಓಡಾಡುವ ನರಿಗಳಿಗೆ ಗುರಿ ಇಡುತ್ತಿದ್ದ. ತಾಗಿದ್ದಕ್ಕಿಂತ ತಪ್ಪಿದ್ದೇ ಹೆಚ್ಚು. ಕೊನೆಕೊನೆಗೆ ಸದ್ದಾದರೂ ನರಿಗಳು ತಲೆ ಎತ್ತುತ್ತಿರಲಿಲ್ಲ. ದೊರೆ ತನ್ನ ಊರಿಗೆ ಹೊರಟಾಗ, ಹಿಡಿಯ ಮರ ಗೆದ್ದಲು ತಿಂದಿದ್ದ ಆ ರೈಫಲನ್ನು ಬಿಟ್ಟುಹೋದ. ಅದು ವಿರಾಜಪೇಟೆಯ ಕೋವಿ ಮೇಸ್ತ್ರಿ ಹಂಝ ಸಾಹೇಬರ ಅಂಗಡಿ ಸೇರಿತು.

ಅಲ್ಲಿಗೆ ಒಂದು ದಿನ ಇಪ್ಪತ್ತೆರಡು ವರ್ಷದ ಉತ್ತಯ್ಯ ಬಂದ. ಮೀಸೆ ಆಗತಾನೆ ದಪ್ಪವಾಗುತ್ತಿತ್ತು. "ಈ ನಳಿಗೆ ಹಾಕಿ, ನನ್ನ ಮೈಗೆ ಸರಿಯಾಗಿ ಒಂದು ಕೋವಿ ಮಾಡಿಕೊಡಿ ಕಾಕಾ" ಅಂದ. ಸಾಹೇಬರು ಬೀಟೆ ಮರದ ತುಂಡು ಆರಿಸಿ, ಅವನ ತೋಳಿಗೆ ಅಳತೆ ಹಿಡಿದರು. ದರ್ಜಿ ಎದೆ ಅಳೆಯುವಾಗ ಉಸಿರು ಬಿಗಿಹಿಡಿದು ನಿಲ್ಲುವವರಿದ್ದಾರಲ್ಲ, ಹಾಗೆ ಇವನು ಕೈಯನ್ನು ಎಷ್ಟಾಗುತ್ತದೋ ಅಷ್ಟೂ ಚಾಚಿದ.

"ಕೈ ಸಡಿಲ ಬಿಡಿ ಉತ್ತಯ್ಯ, ನಾನು ಅಳೀತಿರೋದು ಕೋವಿಗೆ, ಮದುವೆ ಕೋಟಿಗಲ್ಲ."

"ನನ್ನ ಕೈ ಇರುದೇ ಇಷ್ಟುದ್ದ ಕಾಕಾ."

ಸಾಹೇಬರು ನಕ್ಕರು. ಗಿರಾಕಿ ಕೊಟ್ಟ ಅಳತೆಗೇ, ಹೆಗಲಿಗೆ ಆನಿಸುವ ನನ್ನ ಹಿಡಿ ಕೆತ್ತಿದರು. ಆ ಹುಡುಗನ ಜಂಬ ನನ್ನ ಮೈಯಲ್ಲಿ ಎರಡು ಬೆರಳಿನಷ್ಟು ಹೆಚ್ಚಿನ ಉದ್ದವಾಗಿ ಉಳಿದುಹೋಯಿತು.

ಕೈಲ್ ಮುಹೂರ್ತದ ವಿಷಯ ಹೇಳದೆ ನನ್ನ ಕತೆ ಮುಂದೆ ಹೋಗುವುದಿಲ್ಲ. ನಾಟಿ ಮುಗಿದು ಸೆಪ್ಟೆಂಬರ್ ಹುಟ್ಟುತ್ತಿದ್ದಂತೆ ಬರುವ ಆಯುಧಗಳ ಹಬ್ಬ ಅದು. ನಮ್ಮನ್ನೆಲ್ಲ ಒರೆಸಿ, ಮೂತಿಗೆ ಕೆಂಪು-ಹಳದಿಯ ತೋಕ್ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಕಡುಬು, ಹಂದಿ ಸಾರು ಮುಗಿದ ಮೇಲೆ ಊರೆಲ್ಲ ಹುಲ್ಲುಬಾಣೆಯ ಬಯಲಿನಲ್ಲಿ ಸೇರಿ ತೆಂಗಿನಕಾಯಿಗೆ ಗುಂಡು ಹೊಡೆಯುತ್ತದೆ. ಹತ್ತಿರದ ಕಾಯಿ ಮರದ ಕವಲಿನಲ್ಲಿ. ದೂರದ ಕಾಯಿ ಗದ್ದೆ ದಾಟಿ ಆಚೆ ಬರೆಯ, ಅಂದರೆ ಮಣ್ಣುದಿಬ್ಬದ, ಮೇಲೆ, ಇಲ್ಲಿಂದ ನೋಡಿದರೆ ಬಟ್ಟೆಯ ಗುಂಡಿಯಷ್ಟು. ನಿಂತೇ ಹೊಡೆಯಬೇಕು, ಒಬ್ಬರಿಗೆ ಒಂದೇ ಗುಂಡು.

ಅರವತ್ತು ವರ್ಷ ಉತ್ತಯ್ಯ ನನ್ನನ್ನು ಹಿಡಿದು ಅಲ್ಲಿ ನಿಂತರು. ಹತ್ತಿರದ ಕಾಯಿಗಳನ್ನು ಲೆಕ್ಕವಿಲ್ಲದಷ್ಟು ಒಡೆದರು. ದೂರದ್ದು ಒಂದೂ ಇಲ್ಲ. ಹಿಡಿ ಉದ್ದವಾದ್ದರಿಂದ ಕತ್ತು ಚಾಚಿ ಗುರಿ ನೋಡಬೇಕಾಗುತ್ತಿತ್ತು. ಗುಂಡು ಪ್ರತಿ ಸಲವೂ ಕಾಯಿಯ ಜುಟ್ಟು ಸವರಿ ಮೇಲೆ ಹೋಗುತ್ತಿತ್ತು. ಪಕ್ಕದ ಮನೆಯ ಗೆಳೆಯ ಬೆಳ್ಯಪ್ಪ ಮಾತ್ರ ವರ್ಷ ಬಿಟ್ಟು ವರ್ಷ ಅದನ್ನು ಒಡೆದು, ಮೀಸೆ ತಿರುವಿಕೊಂಡು ಮನೆಗೆ ಹೋಗುತ್ತಿದ್ದರು. ನನಗೆ ಬೆಂಕಿಯಂಥ ಸಿಟ್ಟು ಬರುತ್ತಿತ್ತು. ಏನು ಮಾಡಲಿ, ಬಾಯಿದ್ದರೂ ಮಾತಾಡುವ ಹಾಗಿಲ್ಲ!

ಉತ್ತಯ್ಯನವರ ಬೆರಳು ನಡುಗಲು ಶುರುವಾದ ಮೇಲೆ ನನ್ನ ಊಟೋಪಚಾರ ಮಗಳು ಬೊಳ್ಳಮ್ಮನ ಪಾಲಿಗೆ ಬಂತು. ಮದುವೆಯ ಗೋಜಿಗೆ ಹೋಗದೆ ಕಾಫಿ ತೋಟ ನೋಡಿಕೊಂಡಿದ್ದ ಗಟ್ಟಿಗಿತ್ತಿ. ಗಿಡ್ಡ ಆಳು, ಚುರುಕು ಕೈ. ಮಧ್ಯಾಹ್ನ ಊಟದ ಮೇಜು ಒರೆಸಿ, ಪೇಪರು ಹಾಸಿ, ಗುಂಡಿನ ತೋಟೆಗಳಿಗೆ ಸಿಡಿಮದ್ದು ತುಂಬಲು ಕೂತಳೆಂದರೆ ಒಲೆಯ ಕಡೆಯಿಂದ ಯಾರೂ ಆ ಕೋಣೆಗೆ ಬರುವಂತಿಲ್ಲ. ಒಂದೊಂದು ಹಿತ್ತಾಳೆ ತೋಟೆಯನ್ನೂ ಬೆಳಕಿಗೆ ಹಿಡಿದು ನೋಡಿ, ಪುಟ್ಟ ತಕ್ಕಡಿಯಲ್ಲಿ ಮದ್ದು ತೂಗುವಳು. ಸಾಸಿವೆ ಕಾಳಿನಷ್ಟು ಹೆಚ್ಚು, ಸಾಸಿವೆ ಕಾಳಿನಷ್ಟು ಕಡಿಮೆ, ಹೀಗೆ ಬದಲಾಯಿಸಿ, ಯಾವುದು ನನಗೆ ಒಗ್ಗಿತೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕುವಳು. ಮಳೆಗಾಲದಲ್ಲಿ ಮರ ಉಬ್ಬಿ ನನ್ನ ನಳಿಗೆಗೆ ಒತ್ತುತ್ತದೆಂದು ಕಂಡುಹಿಡಿದವಳೂ ಅವಳೇ. ಮರಳು ಕಾಗದದಿಂದ ನಯವಾಗಿ ಉಜ್ಜಿ, ನಡುವೆ ಒಂದು ಕಾಗದ ಹಾಯುವಷ್ಟು ಸಂದಿ ಬಿಡಿಸಿದಳು. ಅಬ್ಬಾ, ಬಿಗಿ ರವಿಕೆ ಸಡಿಲಿಸಿದಷ್ಟು ಹಾಯೆನಿಸಿತು.

ಹೀಗಿರುವಾಗ ಒಂದು ಹಬ್ಬದ ದಿನ ಉತ್ತಯ್ಯ ಬಾಂಬು ಹಾಕಿದರು.

"ನನಗೆ ಎಂಬತ್ತೆರಡಾಯ್ತು. ಬರುವ ಕೈಲ್‌ಗೆ ಈ ಮನೆಯವರು ಯಾರಾದ್ರೂ ದೂರದ ಕಾಯಿ ಒಡೀಲಿ, ಕೋವಿ ಅವರದ್ದು. ಇಲ್ಲದಿದ್ರೆ ದೇವಯ್ಯನಿಗೆ."

ದೇವಯ್ಯ ಅವರ ತಮ್ಮನ ಮಗ, ಮೈಸೂರಿನಲ್ಲಿ ದೊಡ್ಡ ಮನೆ. ನನ್ನನ್ನು ಹಾಲಿನ ಗೋಡೆಗೆ, ಟಿವಿಯ ಮೇಲೆ, ಮೊಳೆ ಹೊಡೆದು ತಗಲಿಸುವ ಆಸೆ ಅವನಿಗೆ. ಬೊಳ್ಳಮ್ಮನ ಮುಖ ಬಿಳುಚಿತು. ಇಪ್ಪತ್ತು ವರ್ಷ ನನಗೆ ತುತ್ತು ಕೊಟ್ಟವಳು ಅವಳು.

"ಹಾಗಾದ್ರೆ ನಾನೇ ಹೊಡೀತೇನೆ ಅಪ್ಪಾ."

"ಹೊಡಿ, ಬೇಡ ಅಂದವರು ಯಾರು?"

"ಹಿಡಿ ನನಗೆ ತುಂಬ ಉದ್ದ. ಸ್ವಲ್ಪ ಕೊಯ್ಸಿಕೊಡಿ."

"ಎಂತ ಕೊಯ್ಯುದು? ಅಳತೆ ಕೊಟ್ಟವ ನಾನು. ಅದು ತಪ್ಪುದುಂಟಾ?"

ಅಲ್ಲಿಗೆ ಮುಗಿಯಿತು. ವರ್ಷವಿಡೀ ಅವಳು ಅಭ್ಯಾಸ ಮಾಡಿದಳು. ಮರಳು ಚೀಲದ ಮೇಲೆ ಇಟ್ಟು ಹೊಡೆದರೆ ನಾನು ಸೂಜಿಯ ಹಾಗೆ ಹೋಗುತ್ತಿದ್ದೆ. ಹೆಗಲಿಗೇರಿಸಿ ನಿಂತಳೋ, ಗುಂಡು ದಿಕ್ಕಾಪಾಲು.

ಹಬ್ಬಕ್ಕೆ ಇನ್ನು ಹದಿನೈದು ದಿನವಿತ್ತು. ಬೆಳಗ್ಗೆ ಬಿಸಿಲು ಬಿದ್ದಿತ್ತು. ಹೊಸ ಅಳತೆಯ ಮದ್ದು ತುಂಬಿ, ಚೀಲದ ಮೇಲೆ ನನ್ನನ್ನಿಟ್ಟು ಒಂದು ಗುಂಡು ಹೊಡೆದಳು. ದುರ್ಬೀನು ಹಿಡಿದು ನೋಡುತ್ತಾಳೆ, ಕಪ್ಪು ಚುಕ್ಕಿಯ ನಟ್ಟ ನಡುವೆ ತೂತು! ಖುಷಿ ತಡೆಯಲಾಗಲಿಲ್ಲ. ಅದೇ ಉಸಿರಿನಲ್ಲಿ ಇನ್ನೊಂದು ತೋಟೆ ತುರುಕಿ ಢಂ ಅನಿಸಿಬಿಟ್ಟಳು. ಅದೂ ಅದೇ ತೂತಿನ ಪಕ್ಕ. ಕುಣಿಯಲು ಕಾಲೆತ್ತಿದವಳು ಹಾಗೇ ನಿಂತಳು.

"ಅಯ್ಯೋ ಕೆಟ್ಟೆ!"

ಕೊಡಗಿನಲ್ಲಿ ಕೋವಿಗಳಾದ ನಮಗೂ ಒಂದು ಭಾಷೆಯುಂಟು. ಗಂಡು ಮಗು ಹುಟ್ಟಿದರೆ ಒಂದು ಗುಂಡು. ಸಾವಾದರೆ ಒಂದರ ಬೆನ್ನಿಗೆ ಒಂದು, ಎರಡು. ಎರಡು ಕೇಳಿತೆಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಊರವರು ಆ ಮನೆಗೆ ಓಡಿಬರಬೇಕು. ಅದಕ್ಕೇ ಅಭ್ಯಾಸ ಮಾಡುವವರು ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ಒಂದು ಕಾಫಿ ಕುಡಿಯುವಷ್ಟು ಹೊತ್ತು ಬಿಡುತ್ತಾರೆ. ನಮ್ಮ ಮನೆಯಲ್ಲಿ ಸಾಯುವ ವಯಸ್ಸಿನವರು ಉತ್ತಯ್ಯನವರನ್ನು ಬಿಟ್ಟು ಬೇರೆ ಯಾರಿದ್ದಾರೆ?

ನನ್ನನ್ನು ಹಿಡಿದುಕೊಂಡೇ ಬೊಳ್ಳಮ್ಮ ಮನೆಗೆ ಓಡಿದಳು. ಅಷ್ಟರಲ್ಲಿ ಗೇಟಿನಲ್ಲಿ ಸಾವಿನ ಮನೆಗೆಂದು ಬಿಳಿ ಬಟ್ಟೆ ತೊಟ್ಟವರು ಸೇರಿದ್ದರು. ಉತ್ತಯ್ಯ ಜಗಲಿಯ ಮರದ ಹಾಸಿನ ಮೇಲೆ, ನೊಣ ಬಾರದಿರಲೆಂದು ಮುಖಕ್ಕೆ ಟವೆಲು ಹೊದ್ದು ನೆಟ್ಟಗೆ ಮಲಗಿದ್ದರು. ನೋಡಿದವರಿಗೆ ಅನುಮಾನವೇ ಬರುವಂತಿರಲಿಲ್ಲ. ಎಲ್ಲರಿಗಿಂತ ಮುಂದೆ ಬೆಳ್ಯಪ್ಪ. ಬಂದವರೇ ಗೆಳೆಯನ ಕಾಲು ಹಿಡಿದು ಗೊಳೋ ಎಂದರು.

"ಉತ್ತಯ್ಯಾ, ನಾನು ಪಾಪಿ ಮಾರಾಯ! ನಿನ್ನ ಕೋವಿಯ ಹಿಡಿ ಎರಡು ಬೆರಳು ಉದ್ದ ಅಂತ ನನಗೆ ಐವತ್ತು ವರ್ಷದಿಂದ ಗೊತ್ತಿತ್ತು. ನೀನು ಕತ್ತು ಚಾಚುದು ನೋಡಿ ಹೇಳುವ ಅಂತ ಎಷ್ಟು ಸಲ ಬಾಯಿ ತನಕ ಬಂತು. ಹೇಳಿದ್ರೆ ದೂರದ ಕಾಯಿ ನಿನಗೆ ಹೋಗ್ತಿತ್ತಲ್ಲಾ!"

ಟವೆಲಿನ ಒಳಗಿನಿಂದ ದನಿ ಬಂತು:

"ಎರಡಾ, ಎರಡೂವರೆಯಾ?"

ಬೆಳ್ಯಪ್ಪ ಹಾರಿ ಅಂಗಳಕ್ಕೆ ಬಿದ್ದರು. ಹೆಂಗಸರು ಕಿರುಚಿದರು, ಆಮೇಲೆ ಇಡೀ ಅಂಗಳ ಹೊಟ್ಟೆ ಹಿಡಿದು ನಕ್ಕಿತು. ಬೊಳ್ಳಮ್ಮ ಅಷ್ಟು ಮಂದಿಗೂ ಕಾಫಿ ಕಾಯಿಸಬೇಕಾಯಿತು. ಬೆಳ್ಯಪ್ಪ ಮಾತ್ರ ಕಾಫಿ ಮುಟ್ಟದೆ, ತಲೆ ತಗ್ಗಿಸಿಕೊಂಡು ಎದ್ದುಹೋದರು. ದಿನಾ ಸಂಜೆ ಹರಟೆಗೆ ಬರುತ್ತಿದ್ದವರು ಮರುದಿನದಿಂದ ನಮ್ಮ ಗೇಟಿನ ಕಡೆ ಸುಳಿಯಲಿಲ್ಲ.

ಜನ ಹೋದ ಮೇಲೆ ಉತ್ತಯ್ಯ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಹಿಡಿಯ ತುದಿಯಲ್ಲಿ ಬೆರಳು ಎಣಿಸಿದರು. ಆಮೇಲೆ ಗರಗಸ ತರಿಸಿ, ಮಗಳನ್ನು ಎದುರಿಗೆ ನಿಲ್ಲಿಸಿ ಅಳತೆ ಹಿಡಿದರು.

"ಕೈ ಚಾಚಬೇಡ ಕೂಸೇ. ಇದ್ದ ಹಾಗೆ ನಿಲ್ಲು."

ಮೂರು ಬೆರಳು ಹೋಯಿತು. ನೋವೇನೂ ಆಗಲಿಲ್ಲ; ಉಗುರು ಕತ್ತರಿಸಿದ ಹಾಗೆ.

ಹಬ್ಬ ಬಂತು. ದೇವಯ್ಯ ಮೈಸೂರಿನಿಂದ ನನ್ನ ಅಳತೆಯ ಮಖಮಲ್ ಚೀಲ ಹೊಲಿಸಿಕೊಂಡೇ ಬಂದಿದ್ದ. ಹತ್ತು ಹನ್ನೆರಡು ಮಂದಿ ಹೊಡೆದರು, ದೂರದ ಕಾಯಿ ಅಲ್ಲಾಡಲಿಲ್ಲ. ಬೊಳ್ಳಮ್ಮ ಸೆರಗು ಬಿಗಿದು ನಿಂತಳು. ಕೆನ್ನೆ ನನ್ನ ಮೇಲೆ ಸರಿಯಾಗಿ ಕೂತಿತು. ಕತ್ತು ಚಾಚುವ ಕೆಲಸವೇ ಇಲ್ಲ. ಉಸಿರು ಅರ್ಧ ಬಿಟ್ಟು ನಿಲ್ಲಿಸಿದಳು, ಬೆರಳು ಒತ್ತಿದಳು. ಗದ್ದೆಯಾಚೆ ಕಾಯಿ ಸಿಡಿದು, ನೀರು ಬಿಸಿಲಿಗೆ ಚಿಮ್ಮಿತು.

"ನಮ್ಮ ಮನೆಯ ಕಾಯಿ!" ಎಂದು ಉತ್ತಯ್ಯ ಕೂಗಿದ್ದು ಕೇಳಬೇಕಿತ್ತು ನೀವು. ಆಮೇಲೆ ಅವರು ದೇವಯ್ಯನ ಬೆನ್ನು ತಟ್ಟಿ, "ಆ ಚೀಲದಲ್ಲಿ ಕೊಡೆ ಇಟ್ಟುಕೋ ಮಗಾ" ಅಂದರು. ಬೊಳ್ಳಮ್ಮ ನಗುತ್ತ ಅಳುತ್ತ ನನ್ನನ್ನು ಮಗುವಿನ ಹಾಗೆ ಅಪ್ಪಿಕೊಂಡಳು. ಅವತ್ತಿನಿಂದ ನಾನು ಅವಳ ಕೋವಿ.

ಜನದ ಹಿಂದೆ ನಿಂತಿದ್ದ ಬೆಳ್ಯಪ್ಪ ಆಗ ಮುಂದೆ ಬಂದರು. ಮುಖ ನೋಡುವ ಧೈರ್ಯವಿಲ್ಲದೆ ನೆಲ ನೋಡುತ್ತ ಅಂದರು:

"ನೀನೂ ಒಂದು ಹೊಡಿ ಉತ್ತಯ್ಯ. ಕಾಯಿ ನಾನೇ ಕಟ್ಟಿ ಬರ್ತೇನೆ."

ಎಂಬತ್ತರ ಮುದುಕ ಕೋಲೂರಿಕೊಂಡು ಬದುವಿನ ಮೇಲೆ ಆಚೆಯ ಬರೆಗೆ ಹೋಗಿ, ಕಾಯಿ ಕಟ್ಟಿ ವಾಪಸು ಬರುವ ತನಕ ಊರು ಕಾದು ನಿಂತಿತು. ಉತ್ತಯ್ಯ ನನ್ನನ್ನು ಹೆಗಲಿಗೇರಿಸಿದರು. ವಯಸ್ಸಿಗೆ ಅವರೂ ಕುಗ್ಗಿದ್ದರು, ಮಗಳ ಅಳತೆ ಅವರಿಗೂ ಸರಿಹೋಯಿತು. ಢಂ! ಗುಂಡು ಬರೆಯ ಮಣ್ಣಿಗೆ ಬಿತ್ತು. ಕಾಯಿ ಇದ್ದಲ್ಲೇ ಇತ್ತು.

"ನೋಡು ಬೆಳ್ಯಪ್ಪ," ಉತ್ತಯ್ಯ ಗಹಗಹಿಸಿ ನಕ್ಕರು, "ಹಿಡಿಯದ್ದಲ್ಲ ಮಾರಾಯ, ಕೈಯದ್ದೇ ತಪ್ಪು. ನೀನು ಹೇಳಿದ್ರೂ ಅಷ್ಟೇ ಆಗ್ತಿತ್ತು."

"ಹಾಗಾದ್ರೆ ನಾನು ಐವತ್ತು ವರ್ಷ ಸುಮ್ಮನೆ ಒದ್ದಾಡಿದ್ದಾ?" ಬೆಳ್ಯಪ್ಪನವರ ಮುಖ ಅರಳಿತು. ಸಂಜೆ ನಮ್ಮ ಜಗಲಿಗೆ ಬಂದು ಎರಡು ಲೋಟ ಕಾಫಿ ಕುಡಿದರು.

ಈಗ ಇಬ್ಬರೂ ಇಲ್ಲ. ಬೊಳ್ಳಮ್ಮನ ಕೂದಲೂ ನೆರೆತಿದೆ, ನನ್ನ ನಳಿಗೆಯೂ ಸವೆದಿದೆ. ವರ್ಷಕ್ಕೊಂದು ಸಲ ಎಣ್ಣೆ, ಹೂವು, ಒಂದು ಗುಂಡು. ಉಳಿದಂತೆ ಈ ಮೂಲೆ. ನನಗೇನೂ ಕೊರತೆಯಿಲ್ಲ. ಆದರೆ ಆ ದಿನದ ಒಂದು ವಿಷಯ ನನಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ. ಉತ್ತಯ್ಯನವರ ಕೈ ಅವತ್ತು ನಡುಗಲಿಲ್ಲ. ನನ್ನ ಗುರಿ ಕಾಯಿಯ ನಟ್ಟ ನಡುವೆ ಕೂತಿತ್ತು. ಅವರು ಒಮ್ಮೆ, ಗದ್ದೆಯ ಕೆಸರು ಮೆತ್ತಿಕೊಂಡು ಏದುಸಿರು ಬಿಡುತ್ತ ಪಕ್ಕದಲ್ಲಿ ನಿಂತಿದ್ದ ಗೆಳೆಯನ ಕಡೆ ನೋಡಿದರು. ಆಮೇಲೆ ನನ್ನ ಮೂತಿಯನ್ನು ಒಂದು ಕೂದಲಿನಷ್ಟು ಪಕ್ಕಕ್ಕೆ ಸರಿಸಿ ಬೆರಳು ಒತ್ತಿದರು.